ಶ್ರೀರಂಗಪಟ್ಟಣದ ಯುದ್ಧಕಥೆಯಲ್ಲಿ ಹೊಳೆ ಏಕಿಲ್ಲ?

ಯುದ್ಧ ನಡೆದ ಊರನ್ನು ಕಣ್ಣಿಗಿಂತ ಹೆಚ್ಚಾಗಿ ಕಿವಿಯಿಂದ ನೋಡುವ ಪದ್ಧತಿಯೊಂದು ಈಗ ಎಲ್ಲೆಡೆ ಹಬ್ಬುತ್ತಿದೆ. ಮೊಬೈಲಿಗೆ ಆ್ಯಪ್ ಒಂದನ್ನು ಇಳಿಸಿಕೊಂಡು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ನಕ್ಷೆಯ ಮೇಲಿನ ಚುಕ್ಕೆಯಿಂದ ಚುಕ್ಕೆಗೆ ನಡೆದರಾಯಿತು. ಪ್ರತಿಯೊಂದು ಚುಕ್ಕೆಯ ಬಳಿಯಲ್ಲೂ ಮೊದಲೇ ಮುದ್ರಿಸಿಟ್ಟ ಧ್ವನಿಯೊಂದು ಆ ಸ್ಥಳದ ಚರಿತ್ರೆಯನ್ನು ಉಸುರುತ್ತದೆ. ಗೈಡಿನ ಹಂಗಿಲ್ಲ, ಗುಂಪಿನ ಗದ್ದಲವಿಲ್ಲ, ಬೇಕೆಂದಾಗ ನಿಲ್ಲಿಸಬಹುದು, ಬೇಡವೆಂದಾಗ ಮುಂದಕ್ಕೆ ಓಡಿಸಬಹುದು. ಸ್ವಯಂ ಮಾರ್ಗದರ್ಶಿ ಧ್ವನಿಪ್ರವಾಸ ಎಂಬುದು ಇದಕ್ಕೆ ಇಟ್ಟಿರುವ ಹೆಸರು. ಹೆಸರಿನಲ್ಲಿ ‘ಸ್ವಯಂ’ ಎಂದಿದೆಯಾದರೂ ನಡೆಯುವವನಿಗೆ ಸ್ವಂತದ್ದೆಂದು ಉಳಿಯುವುದು ಕಾಲು ಮಾತ್ರ. ಎಲ್ಲಿ ನಿಲ್ಲಬೇಕು, ಯಾವುದನ್ನು ಮುಖ್ಯವೆಂದು ತಿಳಿಯಬೇಕು, ಯಾರಿಗಾಗಿ ಮರುಗಬೇಕು ಎಂಬುದನ್ನೆಲ್ಲ ಎಲ್ಲೋ ಕುಳಿತ ಇನ್ನೊಬ್ಬರು ನಿರ್ಧರಿಸಿರುತ್ತಾರೆ.

ಇಂಥ ಧ್ವನಿಯೊಂದನ್ನು ಕಿವಿಯಲ್ಲಿಟ್ಟುಕೊಂಡು ನಾನು ಶ್ರೀರಂಗಪಟ್ಟಣವನ್ನು ಒಂದು ಇಡೀ ದಿನ ಸುತ್ತಿದ್ದೇನೆ. ಅದನ್ನು ತಯಾರಿಸಿದವರ ಹೆಸರು ಇಲ್ಲಿ ಅನಗತ್ಯ. ಅವರೊಬ್ಬರದೇ ದೋಷವೆಂದು ಹೇಳುವುದು ನನ್ನ ಉದ್ದೇಶವಲ್ಲ. ಕರ್ನಲ್ ಬೇಲಿಯ ಸೆರೆಮನೆ, ನೀರುಬಾಗಿಲು, ಟಿಪ್ಪುವಿನ ದೇಹ ದೊರೆತ ಜಾಗ, ದರಿಯಾ ದೌಲತ್‌ನ ಭಿತ್ತಿಚಿತ್ರ, ಗುಂಬಜ್ ಎಲ್ಲವೂ ಕ್ರಮವಾಗಿ ಬಂದವು. ಕುದುರೆಯ ಖುರಪುಟ, ಫಿರಂಗಿಯ ಸದ್ದು, ಹಿನ್ನೆಲೆಯಲ್ಲಿ ಗಂಭೀರ ಸಂಗೀತ. ಕಾವೇರಿಯೂ ಬಂದಳು. ದ್ವೀಪವನ್ನು ಬಳಸಿ ಹರಿಯುವ ‘ಮನೋಹರ’ ನದಿಯಾಗಿ, ಒಂದೇ ಒಂದು ವಾಕ್ಯದಲ್ಲಿ.

ಮಲೆನಾಡಿನ ನಮಗೆ ಬಯಲುಸೀಮೆಯ ಕೋಟೆಯ ಗೊಡವೆ ಏಕೆ ಎಂದು ಓದುಗರು ಕೇಳಬಹುದು. ಆ ಕೋಟೆಯ ಹಣೆಬರಹವನ್ನು ಬರೆದದ್ದು ನಮ್ಮ ಮಳೆ ಎಂಬುದೇ ಅದಕ್ಕೆ ಉತ್ತರ. ಶ್ರೀರಂಗಪಟ್ಟಣದ ಹೊಳೆಗೆ ನೀರು ಬರುವುದು ಕೊಡಗಿನ ಬೆಟ್ಟಗಳಿಂದ, ಬ್ರಹ್ಮಗಿರಿಯ ಲಕ್ಷ್ಮಣತೀರ್ಥದಿಂದ, ಮೂಡಿಗೆರೆ ಸೀಮೆಯಲ್ಲಿ ಹುಟ್ಟಿ ಸಕಲೇಶಪುರವನ್ನು ಹಾದು ಇಳಿಯುವ ಹೇಮಾವತಿಯಿಂದ. ಈ ಮೂರೂ ಪಟ್ಟಣಕ್ಕಿಂತ ಮೇಲೆಯೇ ಕೂಡುತ್ತವೆ. ಬೇಸಗೆಯಲ್ಲಿ ಬಂಡೆ ತೋರಿಸಿಕೊಂಡು ಮೊಣಕಾಲುದ್ದ ಹರಿಯುವ ಹೊಳೆ, ಘಟ್ಟದಲ್ಲಿ ಮುಂಗಾರು ಹಿಡಿದ ಕೂಡಲೇ ಯಾವ ಸೈನ್ಯವೂ ದಾಟಲಾರದ ಕಂದಕವಾಗುತ್ತಿತ್ತು. ಕಲ್ಲಿನ ಗೋಡೆಯನ್ನು ಫಿರಂಗಿಯಿಂದ ಒಡೆಯಬಹುದಿತ್ತು. ನೆರೆಯನ್ನು ಒಡೆಯಲು ಯಾರಿಗೂ ಸಾಧ್ಯವಿರಲಿಲ್ಲ.

ಇದನ್ನು ಇಂಗ್ಲಿಷರು ಕಲಿತದ್ದು 1791ರಲ್ಲಿ. ಆ ವರ್ಷ ಮೇ 15ರಂದು ಅರಕೆರೆಯ ಬಳಿ ನಡೆದ ಕಾಳಗದಲ್ಲಿ ಕಾರ್ನ್‌ವಾಲಿಸ್ ಮೇಲುಗೈ ಸಾಧಿಸಿದನು. ಆದರೆ ಗೆದ್ದವನಿಗೆ ಮುಂದಕ್ಕೆ ಹೋಗಲಾಗಲಿಲ್ಲ. ಮಳೆ ಬೇಗನೆ ಹಿಡಿದಿತ್ತು, ಧಾನ್ಯ ಮುಗಿದಿತ್ತು, ಮೇವಿಲ್ಲದೆ ಎತ್ತುಗಳು ಸಾಲುಸಾಲಾಗಿ ಸತ್ತಿದ್ದವು. ಕಡೆಗೆ ಕಣ್ಣಂಬಾಡಿಯ ಬಳಿ ತನ್ನ ಭಾರೀ ಫಿರಂಗಿಗಳನ್ನು ತಾನೇ ಒಡೆಸಿಹಾಕಿ ಅವನು ಹಿಂದಿರುಗಿದನು. ಫಿರಂಗಿಯನ್ನು ಎಳೆಯುವ ಎತ್ತೇ ಇಲ್ಲದ ಮೇಲೆ ಫಿರಂಗಿ ಇದ್ದು ಫಲವೇನು? ಕೊಡಗಿನ ಮಾರ್ಗವಾಗಿ ಬಂದಿದ್ದ ಮುಂಬಯಿಯ ಸೈನ್ಯವೂ ಘಟ್ಟದ ಕಡೆಗೆ ಮರಳಬೇಕಾಯಿತು. ಮುಂದಿನ ಸಲ, 1792ರಲ್ಲಿ, ಅವನು ಬಂದದ್ದು ಫೆಬ್ರವರಿಯಲ್ಲಿ. ಹೊಳೆ ಇಳಿದಿದ್ದಾಗ.

1799ರ ಲೆಕ್ಕವೂ ಇದೇ. ಸೇನಾಪತಿ ಹ್ಯಾರಿಸ್ ದಂಡು ಕಟ್ಟಿಕೊಂಡು ಬರುವಾಗ ದಾರಿಯುದ್ದಕ್ಕೂ ಹುಲ್ಲನ್ನು ಸುಡಿಸಿದ್ದು ಟಿಪ್ಪುವಿನ ಕಡೆಯ ಯುದ್ಧತಂತ್ರ. ಮಳವಳ್ಳಿಯ ಕಾಳಗವಾದ ಬಳಿಕ ಇಂಗ್ಲಿಷರ ಸೈನ್ಯ ನೇರ ದಾರಿಯನ್ನು ಬಿಟ್ಟು ಸೋಸಲೆಯ ಬಳಿ ಹೊಳೆಯನ್ನು ದಾಟಿ ದಕ್ಷಿಣದ ದಡಕ್ಕೆ ಹೋಯಿತು. ಏಕೆಂದರೆ ಅಲ್ಲಿ ಮೇವು ಸುಟ್ಟಿರಲಿಲ್ಲ. ಚರಿತ್ರೆಯ ಪುಸ್ತಕಗಳು ಇದನ್ನು ಸೇನಾಪತಿಯ ಜಾಣ್ಮೆಯೆಂದು ಹೊಗಳುತ್ತವೆ. ಕೃಷಿ ಓದಿದವನ ಕಣ್ಣಿಗೆ ಇದು ಎತ್ತು ತೋರಿಸಿದ ದಾರಿ. ಏಪ್ರಿಲ್ ನಡುವಿನಲ್ಲಿ ಅಕ್ಕಿಯ ಚೀಲಗಳನ್ನು ಅಳೆದು ನೋಡಿದಾಗ, ಕಾದಾಡುವವರಿಗೆ ಅರೆಹೊಟ್ಟೆಯ ಪಡಿ ಕೊಟ್ಟರೂ ಮೇ ಮೊದಲ ವಾರದವರೆಗೆ ಮಾತ್ರ ಸಾಕಾಗುವಷ್ಟು ಉಳಿದಿತ್ತು. ಮೇಲೆ ಘಟ್ಟದಲ್ಲಿ ಮೋಡ ಕಟ್ಟುವ ಕಾಲ ಹತ್ತಿರವಾಗುತ್ತಿತ್ತು. ಹೊಳೆ ತುಂಬುವ ತನಕ ಕೋಟೆಯನ್ನು ಉಳಿಸಿಕೊಂಡರೆ ಗೆದ್ದಂತೆ ಎಂಬುದು ಒಳಗಿದ್ದವನ ಆಸೆ. ಹೊಳೆ ತುಂಬುವ ಮುಂಚೆ ನುಗ್ಗದಿದ್ದರೆ ಉಪವಾಸ ಎಂಬುದು ಹೊರಗಿದ್ದವರ ಭಯ. ಮೇ 4ರ ಮಧ್ಯಾಹ್ನ ಬೇರ್ಡ್‌ನ ಪಡೆ ಬಂಡೆಗಳ ನಡುವಿನ ತೆಳುನೀರನ್ನು ದಾಟಿ ಬಿರುಕಿನೊಳಗೆ ಏರಿದ್ದು ಕೆಲವೇ ನಿಮಿಷಗಳ ಕೆಲಸ. ತಿಂಗಳೊಂದು ತಡವಾಗಿದ್ದರೆ ಅದೇ ಜಾಗದಲ್ಲಿ ಕೆಂಪುನೀರು ಭೋರ್ಗರೆಯುತ್ತಿತ್ತು.

ಧ್ವನಿಪ್ರವಾಸ ನಿಮ್ಮನ್ನು ಆ ಬಿರುಕಿನ ಬಳಿಯಲ್ಲೇ ನಿಲ್ಲಿಸುತ್ತದೆ. ಕೆಳಗೆ ಹೊಳೆ ಕಾಣಿಸುತ್ತದೆ. ನಿಂತವರು ಸಹಜವಾಗಿಯೇ, 1799ರಲ್ಲೂ ಹೀಗೆಯೇ ಇತ್ತೆಂದು ಭಾವಿಸಿಕೊಳ್ಳುತ್ತಾರೆ. ಇರಲಿಲ್ಲ. 1911ರಲ್ಲಿ ಕೆಲಸ ಆರಂಭವಾದ ಕೃಷ್ಣರಾಜಸಾಗರ, ಕಾರ್ನ್‌ವಾಲಿಸ್ ಫಿರಂಗಿ ಒಡೆಸಿದ ಅದೇ ಕಣ್ಣಂಬಾಡಿಯಲ್ಲಿ ಎದ್ದು ನಿಂತ ಮೇಲೆ, ಈ ಹೊಳೆ ಮಳೆಯ ಮಾತಿಗಿಂತ ಗೇಟಿನ ಮಾತನ್ನೇ ಹೆಚ್ಚು ಕೇಳುತ್ತದೆ. ನೋಡುಗ ನೋಡುತ್ತಿರುವುದು ಎಂಜಿನಿಯರರು ಅಳೆದು ಬಿಟ್ಟ ನೀರು. ಇಷ್ಟನ್ನು ಹೇಳಲು ಒಂದು ನಿಮಿಷ ಸಾಕು. ಆ ನಿಮಿಷ ಅವರಿಗೆ ಸಿಗಲಿಲ್ಲ, ಖುರಪುಟದ ಸದ್ದಿಗೆ ಸಿಕ್ಕಿತು.

ಅಡಕೆ ಬೆಳೆಗಾರರಿಗೆ ಪ್ರಿಯವಾಗಬಹುದಾದ ಒಂದು ಪ್ರಸಂಗವನ್ನು ಇಲ್ಲಿ ಹೇಳಲೇಬೇಕು. 1799ರ ಏಪ್ರಿಲ್ 5ರ ರಾತ್ರಿ, ಮುಂದೆ ನೆಪೋಲಿಯನ್ನನನ್ನು ಸೋಲಿಸಿ ಡ್ಯೂಕ್ ಆಫ್ ವೆಲಿಂಗ್ಟನ್ ಎನಿಸಿಕೊಂಡ ಆರ್ಥರ್ ವೆಲ್ಲೆಸ್ಲಿಯು ಪಟ್ಟಣದ ಹೊರಗಿನ ಸುಲ್ತಾನ್‌ಪೇಟೆಯ ತೋಪನ್ನು ಹಿಡಿಯಲು ಹೊರಟನು. ಅದು ಅಡಕೆ, ತೆಂಗು, ಬಿದಿರು ಒತ್ತಾಗಿ ಬೆಳೆದ, ನೀರುಕಾಲುವೆಗಳು ಅಡ್ಡಡ್ಡವಾಗಿ ಹೆಣೆದುಕೊಂಡಿದ್ದ ತೋಪು. ಕತ್ತಲಲ್ಲಿ ಕಾಲುವೆಗೆ ಜಾರಿ, ದಿಕ್ಕು ತಪ್ಪಿ, ಒಬ್ಬರನ್ನೊಬ್ಬರು ಕಾಣದೆ ಅವನ ಪಡೆ ಚದುರಿತು. ಅವನ ಮೊಣಕಾಲಿಗೂ ಪೆಟ್ಟಾಯಿತು. ಹಲವರು ಸೆರೆ ಸಿಕ್ಕಿ ಕೊಲ್ಲಲ್ಪಟ್ಟರು. ಮರುದಿನ ಬೆಳಗಿನಲ್ಲಿ ಹೆಚ್ಚಿನ ಬಲದೊಂದಿಗೆ ಬಂದೇ ಅದನ್ನು ವಶಪಡಿಸಿಕೊಳ್ಳಬೇಕಾಯಿತು. ಬಸಿಗಾಲುವೆಗಳಿರುವ ತೋಟವನ್ನು ರಾತ್ರಿಯಲ್ಲಿ ಪಂಜಿಲ್ಲದೆ ದಾಟಿ ನೋಡಿದ ನಮ್ಮೂರಿನ ಯಾವ ಹುಡುಗನಿಗಾದರೂ ಇದು ಅರ್ಥವಾಗುತ್ತದೆ. ನಾನು ಕೇಳಿದ ಧ್ವನಿಯಲ್ಲಿ ಸುಲ್ತಾನ್‌ಪೇಟೆಯ ಹೆಸರಿತ್ತು, ‘ಹಿನ್ನಡೆ’ ಎಂಬ ಶಬ್ದವಿತ್ತು. ಕಾಲುವೆ ಇರಲಿಲ್ಲ, ಅಡಕೆ ಇರಲಿಲ್ಲ. ಆ ತೋಪಿಗೆ ನೀರು ಹಾಯಿಸಿದವರು ಯಾರೆಂಬ ಪ್ರಶ್ನೆಯಂತೂ ದೂರದ ಮಾತು.

ಆ ನೀರಿನ ಹಿಂದೆ ದೊಡ್ಡದೊಂದು ಕೃಷಿಚರಿತ್ರೆಯಿದೆ. ಹೊಳೆಗೆ ಒಡ್ಡು ಕಟ್ಟಿ ಎರಡೂ ದಡಗಳಲ್ಲಿ ಎಳೆದ ಚಿಕ್ಕದೇವರಾಜಸಾಗರ ನಾಲೆ, ವಿರಿಜಾ ನಾಲೆ. ಹೊಳೆಯ ಒಂದು ಕವಲಿನ ಮೇಲೆ ಮೇಲ್ಗಾಲುವೆಯಾಗಿ ಹಾದು ದ್ವೀಪದೊಳಕ್ಕೇ ನೀರನ್ನು ತಂದ ಬಂಗಾರದೊಡ್ಡಿ ನಾಲೆ. ಕಂಠೀರವ ನರಸರಾಜ ಒಡೆಯರ ಕಾಲದ ಈ ಕೊನೆಯದು ದರಿಯಾ ದೌಲತ್‌ಗಿಂತ ಹಳೆಯದು. ಆ ಅರಮನೆ ಕಟ್ಟಿದ್ದು 1784ರಲ್ಲಿ. ರಂಗನತಿಟ್ಟಿನ ಹಕ್ಕಿಗಳೂ ನೆಲೆಗಾಗಿ 17ನೇ ಶತಮಾನದ ಒಡ್ಡೊಂದಕ್ಕೇ ಋಣಿಗಳು. ಒಡ್ಡು ಹುಟ್ಟಿಸಿದ ನಡುಗಡ್ಡೆಗಳಲ್ಲಿ ಅವು ಗೂಡು ಕಟ್ಟಿದವು, 1940ರಲ್ಲಿ ಪಕ್ಷಿಧಾಮವಾಯಿತು, 2022ರಲ್ಲಿ ರಾಮ್ಸರ್ ಪಟ್ಟಿಗೂ ಸೇರಿತು. ಕಣ್ಣಂಬಾಡಿಯಲ್ಲಿ ಅಣೆಕಟ್ಟಿನ ಕೆಲಸ ನಡೆಯುವಾಗ ದೊರೆತ ಟಿಪ್ಪುವಿನ ಕಾಲದ ಪಾರ್ಸಿ ಶಾಸನವು, ಆ ಒಡ್ಡಿನ ನೀರಿನಿಂದ ಹೊಸದಾಗಿ ಸಾಗುವಳಿ ಮಾಡಿದವರಿಗೆ ನಾಲ್ಕರಲ್ಲೊಂದು ಪಾಲನ್ನು ಬಿಟ್ಟುಕೊಡುವ ಮಾತನ್ನು ಹೇಳುತ್ತದೆ. ಕತ್ತಿ ಹಿಡಿದ ಟಿಪ್ಪು ಎಲ್ಲರಿಗೂ ಬೇಕು, ಹೊಗಳುವವರಿಗೂ ತೆಗಳುವವರಿಗೂ. ಒಡ್ಡಿನ ಲೆಕ್ಕ ಹಾಕುವ ಟಿಪ್ಪು ಇಬ್ಬರಿಗೂ ಬೇಡ.

ತೆಗಳುವವರ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಸರ್ಕಾರ 2015ರಿಂದ ಜಯಂತಿ ನಡೆಸಿದ್ದು, 2019ರಲ್ಲಿ ಅದನ್ನು ರದ್ದುಗೊಳಿಸಿದ್ದು, ಎರಡೂ ಸಂದರ್ಭಗಳಲ್ಲಿ ನಮ್ಮ ಬೆಟ್ಟದ ಊರುಗಳಲ್ಲೇ ಹೆಚ್ಚು ಕಾವೇರಿತ್ತು. ಆ ಕಾವಿಗೆ ಹೆದರಿಯೋ ಏನೋ, ಧ್ವನಿಪ್ರವಾಸ ಕೊಡಗಿನಿಂದ ಸೆರೆಹಿಡಿದು ತಂದವರ ವಿಷಯದಲ್ಲಿ ಬಾಯಿಯನ್ನೇ ಬಿಡುವುದಿಲ್ಲ. ಸೆರೆಯಾದವರ ಸಂಖ್ಯೆಯ ಬಗ್ಗೆ ವಿವಾದವಿದೆ. ಸೆರೆಯ ಬಗ್ಗೆ ಇಲ್ಲ. 1792ರ ಫೆಬ್ರವರಿ 6ರ ರಾತ್ರಿ ಕಾರ್ನ್‌ವಾಲಿಸನ ದಾಳಿಯ ಗೊಂದಲದಲ್ಲಿ ಅವರಲ್ಲಿ ಸಾವಿರಾರು ಮಂದಿ ತಪ್ಪಿಸಿಕೊಂಡು ಬೆಟ್ಟದ ಹಾದಿ ಹಿಡಿದರು. ಬ್ರಿಟಿಷ್ ಸೇನಾಧಿಕಾರಿ ಬೇಲಿಯ ಸೆರೆಗೆ ಒಂದು ಇಡೀ ನಿಲುಗಡೆ, ಆರು ನಿಮಿಷದ ಕಥನ. ಅದೇ ಊರಿನಿಂದ ಮನೆಗೆ ನಡೆದುಹೋದ ಬೆಟ್ಟದವರಿಗೆ ಒಂದು ಶಬ್ದವೂ ಇಲ್ಲ. ಇದನ್ನು ಸಮತೋಲನ ಎಂದು ಯಾರಾದರೂ ಕರೆದರೆ ಅವರ ತಕ್ಕಡಿಯನ್ನು ನಾವು ಪರೀಕ್ಷಿಸಬೇಕಾಗುತ್ತದೆ.

ಮರಗಳ ವಿಷಯಕ್ಕೆ ಬರೋಣ. ದ್ವೀಪದ ಪೂರ್ವದ ತುದಿಯಲ್ಲಿ, ಹೈದರನ ಗೋರಿಯ ಸುತ್ತ ಇದ್ದ ಲಾಲ್‌ಬಾಗ್ ಆ ಕಾಲಕ್ಕೆ ಹೆಸರುವಾಸಿಯಾದ ಉದ್ಯಾನ. 1792ರಲ್ಲಿ ಅದು ಕೈವಶವಾದ ಕೂಡಲೇ ಸಾಲುಸಾಲು ಸೈಪ್ರೆಸ್ ಮರಗಳು ಕೊಡಲಿಗೆ ಬಿದ್ದವು. ಕೋಟೆಗೆ ಮುತ್ತಿಗೆ ಹಾಕಲು ಬೇಕಾದ ಸೌದೆಕಟ್ಟುಗಳು, ಮಣ್ಣು ತುಂಬುವ ಬುಟ್ಟಿಗಳು ಆ ಉದ್ಯಾನದಿಂದಲೇ ಸಿದ್ಧವಾದವು. ಅಲ್ಲಿದ್ದ ಅರಮನೆ ಗಾಯಾಳುಗಳ ಆಸ್ಪತ್ರೆಯಾಯಿತು. ಯುದ್ಧದಲ್ಲಿ ಸತ್ತವರ ಪಟ್ಟಿಗೆ ಮರಗಳನ್ನು ಸೇರಿಸುವುದು ಹಾಸ್ಯಾಸ್ಪದವೆಂದು ಕೆಲವರಿಗೆ ತೋರಬಹುದು. 1907ರಲ್ಲಿ ಬಿರುಕಿನ ಬಳಿ ನಿಲ್ಲಿಸಿದ ಸ್ಮಾರಕಸ್ತಂಭ ಮುತ್ತಿಗೆ ಹಾಕಿದವರ ಕಡೆಯಲ್ಲಿ ಮಡಿದವರನ್ನು ನೆನೆಯುತ್ತದೆ. ಆ ದಂಡಿಗೆ ಅಕ್ಕಿ ಹೊತ್ತ ಲಂಬಾಣಿಗಳಿಗೆ, ಎತ್ತು ಹೊಡೆದವರಿಗೆ, ಹುಲ್ಲು ಸುಟ್ಟುಹೋದ ಊರುಗಳ ರೈತರಿಗೆ ಕಂಬವಿಲ್ಲ. ಮರಗಳು ಸಾಲಿನಲ್ಲಿ ಇನ್ನೂ ಹಿಂದೆಯೇ ಕಾಯಬೇಕು.

ಎತ್ತುಗಳ ಕಥೆ ಅಲ್ಲಿಗೆ ಮುಗಿಯಲಿಲ್ಲ. ಚಿಕ್ಕದೇವರಾಜರ ಕಾಲದ ಬೆಣ್ಣೆ ಚಾವಡಿಗೆ ಅಮೃತ ಮಹಲ್ ಎಂದು ಹೆಸರಿಟ್ಟವನು ಟಿಪ್ಪು. ವೇಗಕ್ಕೂ ಸಹನೆಗೂ ಹೆಸರಾದ ಆ ತಳಿಗೆ ಮೇಯಲು ಮೀಸಲಾಗಿದ್ದವು ಕಾವಲುಗಳು. ಚಿತ್ರದುರ್ಗ, ತುಮಕೂರು, ಹಾಸನ, ಚಿಕ್ಕಮಗಳೂರು ಸೀಮೆಗಳ ವಿಶಾಲ ಹುಲ್ಲುಗಾವಲುಗಳು. 1799ರ ಬಳಿಕ ಇಂಗ್ಲಿಷರು ಆ ಹಿಂಡನ್ನು ಯುದ್ಧದ ಆಸ್ತಿಯೆಂದೇ ಬಳಸಿಕೊಂಡರು. ಈಗಿನ ಧ್ವನಿಪ್ರವಾಸಗಳಿಗೆ ಬಹಳ ಪ್ರಿಯವಾದದ್ದು ಮೈಸೂರಿನ ರಾಕೆಟ್. ಅದರ ಬಗ್ಗೆ ಕೇಳುವಾಗ ಎಲ್ಲರ ಎದೆಯೂ ಉಬ್ಬುತ್ತದೆ. ಆದರೆ 2010ರ ಆಸುಪಾಸಿನಲ್ಲಿ ಚಳ್ಳಕೆರೆಯ ಬಳಿಯ ಅಮೃತ ಮಹಲ್ ಕಾವಲಿನ ಸಾವಿರಾರು ಎಕರೆಗಳು ರಕ್ಷಣಾ, ಅಣು, ಬಾಹ್ಯಾಕಾಶ ಸಂಸ್ಥೆಗಳ ಪಾಲಾದದ್ದನ್ನೂ, ಕುರಿ ದನ ಮೇಯಿಸುತ್ತಿದ್ದವರು ಗೋಡೆಯ ಹೊರಗೆ ನಿಂತದ್ದನ್ನೂ, 2017ರಲ್ಲಿ ಅಲ್ಲಿ ಚಾಲಕರಹಿತ ವಿಮಾನಗಳ ಪರೀಕ್ಷಾ ವಲಯ ತೆರೆದದ್ದನ್ನೂ ಈ ಕಥೆಗೆ ಸೇರಿಸಿ ನೋಡಿ. ರಾಕೆಟ್ಟಿನ ವಂಶ ಬೆಳೆಯಿತು, ಎತ್ತಿನ ಹುಲ್ಲುಗಾವಲು ಕರಗಿತು. ಯುದ್ಧಕಥೆಯಿಂದ ನೆಲವನ್ನು ಕಿತ್ತುಹಾಕಿದರೆ ಆ ನೆಲ ಖಾಲಿ ಜಾಗವಾಗಿ ಕಾಣತೊಡಗುತ್ತದೆ. ಖಾಲಿ ಜಾಗಕ್ಕೆ ಗಿರಾಕಿಗಳು ಬಹಳ. ನನ್ನ ಆತಂಕವೆಲ್ಲ ಇಲ್ಲಿದೆ.

ಕಟ್ಟಡದ ಬಗ್ಗೆ ನಮ್ಮ ವ್ಯವಸ್ಥೆಗೆ ಇಷ್ಟಾದರೂ ಎಚ್ಚರವಿದೆ. ಜೋಡಿ ರೈಲುಮಾರ್ಗಕ್ಕೆ ಅಡ್ಡವಾಗುತ್ತಿದ್ದ ಟಿಪ್ಪುವಿನ ಮದ್ದಿನಮನೆಯನ್ನು 2017ರಲ್ಲಿ ಬುಡಸಮೇತ ಎತ್ತಿ ಪಕ್ಕಕ್ಕೆ ಸರಿಸಿ ಉಳಿಸಿಕೊಂಡರು. ಶ್ಲಾಘನೀಯವೇ. ಗದ್ದೆಯನ್ನು, ನಾಲೆಯನ್ನು, ಕಾವಲನ್ನು ಹಾಗೆ ಎತ್ತಿ ಪಕ್ಕಕ್ಕಿಡುವ ಯಂತ್ರ ಇನ್ನೂ ಹುಟ್ಟಿಲ್ಲ.

ನಾನು ಕೇಳುತ್ತಿರುವುದು ಆಗದ ಹೋಗದ ಮಾತೇನೂ ಅಲ್ಲ. ಧ್ವನಿಪ್ರವಾಸಕ್ಕೆ ಕ್ಯಾಸೆಟ್ಟಿನ ಕಾಲದಿಂದಲೂ ಹೆಸರಾದ ಊರು ಅಮೆರಿಕದ ಪೆನ್ಸಿಲ್ವೇನಿಯದ ಗೆಟಿಸ್‌ಬರ್ಗ್. 1863ರ ಜುಲೈ 1ರಿಂದ 3ರವರೆಗೆ ಅಲ್ಲಿ ನಡೆದ ಯುದ್ಧದ ಮುಖ್ಯ ಸ್ಥಳಗಳಲ್ಲಿ ಎರಡರ ಹೆಸರೇ ‘ಗೋಧಿ ಹೊಲ’ ಮತ್ತು ‘ಪೀಚ್ ತೋಟ’. 2000ದ ನಂತರದ ವರ್ಷಗಳಲ್ಲಿ ಅಲ್ಲಿನ ರಾಷ್ಟ್ರೀಯ ಉದ್ಯಾನ ಸೇವೆಯವರು ನೆಲವನ್ನು ಯುದ್ಧದ ದಿನಗಳ ರೂಪಕ್ಕೆ ತರುವ ಕೆಲಸಕ್ಕೆ ಕೈಹಾಕಿದರು. ಆಮೇಲೆ ಬೆಳೆದ ಕಾಡನ್ನು ಅಲ್ಲಲ್ಲಿ ತೆಗೆದರು, ಬೇಲಿಗಳನ್ನು ಮರಳಿ ಕಟ್ಟಿದರು. ಪೀಚ್ ತೋಟದ ಗಿಡಗಳ ಬೇರಿಗೆ ಜಂತುಹುಳು ತಗುಲಿದ್ದರಿಂದ ಹಳೆಯ ಗಿಡ ಕಿತ್ತು, ಮಣ್ಣನ್ನು ಸರಿಪಡಿಸಿ, 2008ರಲ್ಲಿ ಹೊಸ ಸಸಿ ನೆಟ್ಟರು. ಸುತ್ತಲಿನ ರೈತರು ಗುತ್ತಿಗೆಯ ಮೇಲೆ ಆ ರಣಭೂಮಿಯ ಹೊಲಗಳನ್ನು ಉಳುತ್ತಾರೆ. ಕಾಡು ತೆಗೆದದ್ದು ಸರಿಯೇ ಎಂಬ ತಕರಾರು ನಮ್ಮಂಥವರಿಗೆ ಇರಬಹುದು, ನನಗೂ ಇದೆ. ಹೊಲವನ್ನು ಹೊಲವೆಂದೇ ಓದಿದ ಕ್ರಮವನ್ನು ಮಾತ್ರ ಒಪ್ಪಬೇಕು. ಆ ಯುದ್ಧದ ರೈತರ ಲೆಕ್ಕವೂ ದಾಖಲೆಯಲ್ಲಿದೆ. ಅಬ್ರಹಾಂ ಬ್ರಯನ್ ಎಂಬ ಕಪ್ಪು ಜನಾಂಗದ ಸ್ವತಂತ್ರ ರೈತನ ಹೊಲ ಯುದ್ಧದ ನಟ್ಟನಡುವೆ ಸಿಕ್ಕಿತ್ತು. ಬೆಳೆ, ಬೇಲಿ, ಮನೆಗಳ ಹಾನಿಗೆ ಅವನು ಕೇಳಿದ ಪರಿಹಾರ 1,028 ಡಾಲರು, ದೊರೆತದ್ದು 15. ಪರಿಹಾರದ ಅರ್ಜಿ ಹಿಡಿದು ಕಚೇರಿ ಅಲೆದವರಿಗೆ ಈ ಅಂಕಿಗಳನ್ನು ವಿವರಿಸುವ ಅಗತ್ಯವಿಲ್ಲ.

ಧ್ವನಿಪ್ರವಾಸದಿಂದ ಉಪಕಾರವೇ ಇಲ್ಲವೆಂದು ವಾದಿಸಿದರೆ ಅದು ಹಟಮಾರಿತನವಾದೀತು. ಕಣ್ಣು ಕಾಣದವರಿಗೆ, ಗೈಡಿಗೆ ಕೊಡಲು ಕಾಸಿಲ್ಲದ ವಿದ್ಯಾರ್ಥಿಗೆ, ನಿಧಾನವಾಗಿ ನಡೆಯುವ ವೃದ್ಧರಿಗೆ ಅದು ವರವೇ ಸರಿ. ಬಾಯಿಗೆ ಬಂದ ಕಟ್ಟುಕಥೆಯನ್ನು ಮಾರುವ ಗೈಡುಗಳನ್ನೂ ನಾವು ಕಂಡಿದ್ದೇವೆ. ಆದರೂ ಗೈಡಿಗೆ ಒಂದು ಪ್ರಶ್ನೆ ಹಾಕಬಹುದು. ಈ ತೋಪಿಗೆ ನೀರು ಎಲ್ಲಿಂದ ಬರುತ್ತಿತ್ತಪ್ಪಾ ಎಂದು ಕೇಳಿದರೆ ಅವನು, ನನಗೆ ತಿಳಿಯದು ಸ್ವಾಮಿ, ಅಲ್ಲಿ ಗದ್ದೆಯಲ್ಲಿರುವ ಗೌಡರನ್ನು ಕೇಳೋಣ ಎಂದಾನು. ಮುದ್ರಿತ ಧ್ವನಿಗೆ ತಿಳಿಯದು ಎಂಬ ಮಾತೇ ಬರುವುದಿಲ್ಲ. ಅಂಥ ಧ್ವನಿಯನ್ನು ಬರೆಯುವವರ ಹೊಣೆ ಆದಕಾರಣ ಗೈಡಿಗಿಂತ ಹೆಚ್ಚು. ಜನರಿಗೆ ಕಥೆ ಬೇಕು, ನಾಲೆಯ ಉದ್ದಗಲ ಯಾರಿಗೆ ಬೇಕು ಎನ್ನುವ ಆಕ್ಷೇಪವನ್ನೂ ಕೇಳಿದ್ದೇನೆ. ಅರ್ಧ ಹೊಟ್ಟೆಯ ದಂಡು, ಏರಲಿರುವ ಹೊಳೆ, ಘಟ್ಟದ ಮೇಲಿನ ಮೋಡ: ಇದಕ್ಕಿಂತ ಕಾತರದ ಕಥೆ ಬೇರೆ ಯಾವುದಿದೆ?

ಈ ವಿಷಯ ಬಯಲಿಗೇ ಸೀಮಿತವಾಗಿ ಉಳಿಯುವುದಿಲ್ಲ. ಟಿಪ್ಪು 1792ರಲ್ಲಿ ಕಟ್ಟಿಸಿದ ಸಕಲೇಶಪುರದ ಮಂಜರಾಬಾದ್ ನಕ್ಷತ್ರದ ಕೋಟೆಗೆ ವಾರಾಂತ್ಯಗಳಲ್ಲಿ ಬರುವ ವಾಹನಗಳನ್ನು ನಾವೇ ನೋಡುತ್ತಿದ್ದೇವೆ. ತೀರ್ಥಹಳ್ಳಿಯ ಕವಲೇದುರ್ಗ, 1763ರಲ್ಲಿ ಹೈದರನ ವಶವಾದ ಬಿದನೂರು ಎಂಬ ಇಂದಿನ ನಗರ, ಇವುಗಳೂ ನಕ್ಷೆಯ ಚುಕ್ಕೆಗಳಾಗುವ ದಿನ ದೂರವಿಲ್ಲ. ಆಗ ಕೆಳದಿ ಅರಸರ ವೈಭವವನ್ನು ಹಾಡುವ ಧ್ವನಿ, ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಮುಳುಗಿದ ಅದೇ ಸೀಮೆಯ ಊರುಗಳ ಬಗ್ಗೆ, ಇಂದಿಗೂ ಭೂಮಿಯ ಹಕ್ಕುಪತ್ರಕ್ಕಾಗಿ ಕಾಯುತ್ತಿರುವ ಶರಾವತಿ ಮುಳುಗಡೆಯ ಕುಟುಂಬಗಳ ಬಗ್ಗೆ ಏನು ಹೇಳುತ್ತದೆ? ಮೆಣಸು, ಅಡಕೆ, ಅಕ್ಕಿ ಘಟ್ಟ ಇಳಿದ ದಾರಿಗಳ ಬಗ್ಗೆ? ಕೋಟೆಯ ಸುತ್ತ ಸೊಪ್ಪಿನಬೆಟ್ಟ ಯಾರ ಬಳಕೆಯಲ್ಲಿತ್ತು, ಈಗ ಯಾರ ಹೆಸರಿನಲ್ಲಿದೆ ಎಂಬುದರ ಬಗ್ಗೆ? ಅದನ್ನು ಬರೆಯುವವರು ಬೆಂಗಳೂರಿನ ಸ್ಟುಡಿಯೋದಲ್ಲಿ ಕುಳಿತು ಬರೆದರೆ ಏನು ಹೇಳುತ್ತಾರೆಂಬುದು ಶ್ರೀರಂಗಪಟ್ಟಣದಲ್ಲೇ ಗೊತ್ತಾಗಿದೆ.

ಸಾರ್ವಜನಿಕ ಹಣದಿಂದ ಮಲೆನಾಡಿನ ಯಾವ ಕೋಟೆಗಾಗಲಿ ಧ್ವನಿಪ್ರವಾಸ ಮಾಡುವುದಾದರೆ ಅದರ ಬರಹವನ್ನು ಮುದ್ರಣಕ್ಕೆ ಮೊದಲು ಆ ಗ್ರಾಮ ಪಂಚಾಯಿತಿಯ ಗ್ರಾಮಸಭೆಯಲ್ಲಿ ಓದಿಸಬೇಕು. ಮೊದಲ ಪಾಠ ಕನ್ನಡದಲ್ಲಿ ಇರಬೇಕು, ಇಂಗ್ಲಿಷ್ ಅದರ ಅನುವಾದವಾಗಬೇಕು. ನೀರು, ಬೆಳೆ, ಕಾಡುಗಳಿಗೆ ಅದರಲ್ಲಿ ನಿಲುಗಡೆ ಇರಬೇಕು. ಊರಿನ ಯುವಕ ಯುವತಿಯರಿಗೆ ಮಾರ್ಗದರ್ಶಿಗಳಾಗಿ ಕೂಲಿ ಸಿಗಬೇಕು. ಈ ಅರ್ಜಿಯನ್ನು ಪ್ರವಾಸೋದ್ಯಮ ಇಲಾಖೆಗೂ ಪುರಾತತ್ವ ಇಲಾಖೆಗೂ ಕಳುಹಿಸಲು ಬಳಗ ಸಹಿ ಸಂಗ್ರಹಿಸುತ್ತಿದೆ. ಅರ್ಜಿಯ ಉತ್ತರಕ್ಕೆ ಕಾಯುತ್ತ ಕೂರಬೇಕಾಗಿಲ್ಲ. ಮುಂಗಾರಿಗೆ ಮೊದಲು ಮಂಜರಾಬಾದಿನ ಕೆಳಗಿನ ಊರುಗಳಲ್ಲಿ ಹಿರಿಯರ ಮಾತನ್ನು ಮುದ್ರಿಸಿಕೊಳ್ಳುವ ಕೆಲಸ ಆರಂಭಿಸುತ್ತೇವೆ. ಮೊಬೈಲು ಇರುವ, ಮಾತನಾಡುವ ಅಜ್ಜ ಅಜ್ಜಿ ಇರುವ ವಿದ್ಯಾರ್ಥಿಗಳು ಹೆಸರು ಕೊಡಿ. ಹೇಮಾವತಿ ತುಂಬಿದ ಮೇಲೆ ಅದರ ಸದ್ದನ್ನೂ ಮುದ್ರಿಸಿಕೊಳ್ಳುವುದಿದೆ. ಅದಕ್ಕೆ ಕೊಡೆ ಹಿಡಿಯುವವರು ಪ್ರತ್ಯೇಕವಾಗಿ ಬೇಕು.